ಗಡ್‌ಬಡ್ ಲೋಟದಲ್ಲೊಂದು ಚರಿತ್ರೆ

ಉಡುಪಿಯಲ್ಲಿ ಗಡ್‌ಬಡ್ ತಿಂದಿದ್ದೀರಾ? ಉದ್ದನೆಯ ಗಾಜಿನ ಲೋಟದಲ್ಲಿ ಹಣ್ಣಿನ ಹೋಳು, ಜೆಲ್ಲಿ, ಗೋಡಂಬಿ, ಎರಡು ಮೂರು ಬಗೆಯ ಐಸ್‌ಕ್ರೀಂ ಪದರ ಪದರವಾಗಿ ಕೂತಿರುತ್ತವೆ. ಗಡಿಬಿಡಿಯಲ್ಲಿದ್ದ ಗಿರಾಕಿಗೆ ಇದ್ದುದನ್ನೆಲ್ಲ ಒಂದೇ ಲೋಟಕ್ಕೆ ತುಂಬಿಸಿ ಕೊಟ್ಟದ್ದರಿಂದ ಈ ಹೆಸರು ಬಂತೆನ್ನುತ್ತಾರೆ. ಅದು ಹುಟ್ಟಿದ್ದು ಡಯಾನಾ ಹೋಟೆಲಿನಲ್ಲಿ ಎಂಬುದು ಊರಿನ ಮಾತು.

ಐಸ್‌ಕ್ರೀಮಿನ ಚರಿತ್ರೆಯೆಂದರೆ ತಂಪಿನ ಚರಿತ್ರೆ. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪಿನಿಂದ ನೀರು ತಂಪಾಗಿಸುತ್ತಿದ್ದುದನ್ನು ‘ಐನ್-ಇ-ಅಕ್ಬರಿ’ ತಿಳಿಸುತ್ತದೆ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಕೈಯಿಂದ ತಿರುಗಿಸುವ ಐಸ್‌ಕ್ರೀಂ ಯಂತ್ರಕ್ಕೆ ಪೇಟೆಂಟ್ ಪಡೆದರು. ಹೊರಗಿನ ಬಕೆಟಿನಲ್ಲಿ ಮಂಜುಗಡ್ಡೆ ಮತ್ತು ಉಪ್ಪು, ಒಳಗಿನ ಡಬ್ಬಿಯಲ್ಲಿ ಹಾಲು. ಉಪ್ಪು ಬೆರೆತ ಮಂಜುಗಡ್ಡೆ ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತದೆ; ಕರಗಲು ಬೇಕಾದ ಶಾಖವನ್ನು ಹಾಲಿನಿಂದ ಹೀರುತ್ತದೆ. ಹಾಲು ಗಟ್ಟಿಯಾಗುತ್ತದೆ.

ಕಾಪುವಿನಿಂದ ದಕ್ಷಿಣಕ್ಕೆ ಸಾಗಿದರೆ ಮೂಲ್ಕಿ. ಅಲ್ಲಿನ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ‘ನ್ಯಾಚುರಲ್ಸ್’ ತೆರೆದು, ಹಣ್ಣಿನ ಐಸ್‌ಕ್ರೀಮಿಗೆ ಹೆಸರಾದರು.

ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದವನು ವೀರಪಾಂಡ್ಯ, ಅದಕ್ಕೆ ಶಾಸನವಿದೆ. ಮೊದಲ ಗಡ್‌ಬಡ್ ತುಂಬಿದ ಕೈಗೆ ಶಾಸನವಿಲ್ಲ. ಹೋಟೆಲಿನಲ್ಲಿ ದುಡಿದ ಹಿರಿಯರು ನಿಮ್ಮ ಬೀದಿಯಲ್ಲೇ ಇರಬಹುದು. ಅವರನ್ನು ಕೇಳಿ, ಬರೆದಿಡಿ. ಅದೂ ಚರಿತ್ರೆಯೇ.