ಬಿ.ಸಿ. ರೋಡಿನ ಕೋರ್ಟಿಗೆ ಫೀಸು ಎಷ್ಟು?

ಇಂಜಿನಿಯರಿಂಗ್ ಫೀಸಿನ ಬಗ್ಗೆ ಕೇಳಿ ನೋಡಿ, ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಎಲ್ಲರೂ ಪಂಡಿತರೇ. ಸಿಇಟಿಯಲ್ಲಿ ಯಾವ ರ‍್ಯಾಂಕಿಗೆ ಯಾವ ಸೀಟು, ಕಾಮೆಡ್-ಕೆ ಆದ್ರೆ ಎಷ್ಟು, ಮ್ಯಾನೇಜ್‌ಮೆಂಟ್ ಕೋಟಾ ಆದ್ರೆ ಎಷ್ಟು, ಎಲ್ಲ ಬಾಯಿಪಾಠ. "ಲಾ ಓದಿಸ್ಲಿಕ್ಕೆ ಎಷ್ಟು ಬೇಕು?" ಅಂತ ಊರಿಂದ ಅಕ್ಕ ಕೇಳಿದ್ರೆ ಮಾತ್ರ ಎಲ್ಲರೂ ಫೋನ್ ನೋಡಲು ಶುರು. ನಾನು ಹುಡುಕುತ್ತಾ ಹೋದೆ. ಫೀಸಿನ ಲೆಕ್ಕ ಅರ್ಧ ಗಂಟೆಯಲ್ಲಿ ಸಿಕ್ಕಿತು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯಿಂದ ಯಾರು ವಕೀಲರಾದರು, ಯಾರು ಆಗಲಿಲ್ಲ ಅನ್ನುವುದಕ್ಕೆ ಆ ಲೆಕ್ಕದಲ್ಲಿ ಉತ್ತರ ಇರಲಿಲ್ಲ. ಅದಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ನಮ್ಮ ಅಜ್ಜಂದಿರ ಬಾಯಲ್ಲಿ 'ಲಾಯರ್' ಇರಲಿಲ್ಲ, 'ಪ್ಲೀಡರ್' ಇತ್ತು. ಅದು ಬರೀ ಹಳೇ ಇಂಗ್ಲಿಷ್ ಅಲ್ಲ. 1879ರ ಲೀಗಲ್ ಪ್ರಾಕ್ಟೀಶನರ್ಸ್ ಆಕ್ಟ್ ಪ್ರಕಾರ ಪ್ಲೀಡರ್ ಅನ್ನುವುದು ಒಂದು ಪ್ರತ್ಯೇಕ ದರ್ಜೆ. ಕಾನೂನು ಪದವಿ ಇಲ್ಲದಿದ್ದರೂ ಹೈಕೋರ್ಟಿನ ನಿಯಮದಂತೆ ನಡೆಯುವ ಪರೀಕ್ಷೆ ಪಾಸು ಮಾಡಿ, ಸನದು ಪಡೆದು, ತಾಲೂಕಿನ ಮುನ್ಸೀಫ್ ಕೋರ್ಟಿನಲ್ಲಿ ವಾದಿಸಬಹುದಿತ್ತು. ಮನೆಯಲ್ಲೇ ಕೂತು ಓದಬಹುದು, ಹಿರಿಯ ವಕೀಲರ ಗುಮಾಸ್ತನಾಗಿದ್ದುಕೊಂಡೇ ಓದಬಹುದು. ಕಾಲೇಜು ಫೀಸು ಸೊನ್ನೆ. ಹೆಚ್ಚಿನ ಕೋರ್ಟುಗಳ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ, ಅದು ಬೇರೆ ಮಾತು. 1961ರ ವಕೀಲರ ಕಾಯ್ದೆ ಬಂದ ಮೇಲೆ 'ಅಡ್ವೊಕೇಟ್' ಅನ್ನುವ ಒಂದೇ ವರ್ಗ ಉಳಿಯಿತು, ಪದವಿ ಇಲ್ಲದೆ ಒಳಬರುವ ಆ ಹಿಂಬಾಗಿಲು ಮುಚ್ಚಿತು. ವೃತ್ತಿಯ ಮಟ್ಟ ಏರಿತು ಅಂತ ಎಲ್ಲರೂ ಹೇಳುತ್ತಾರೆ, ಒಪ್ಪೋಣ. ವಕೀಲನಾಗಲು ಕಟ್ಟಬೇಕಾದ ಕನಿಷ್ಠ ಬೆಲೆಯೂ ಅದೇ ದಿನ ಏರಿತು.

ಪದವಿಯೇ ಬೇಕು ಅಂದವರು ಎಲ್ಲಿಗೆ ಹೋಗಬೇಕಿತ್ತು? ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯದಲ್ಲಿತ್ತು. ಬಿ.ಎ.ವರೆಗೆ ಮಂಗಳೂರಿನ ಸೇಂಟ್ ಅಲೋಶಿಯಸ್ ಸಾಕು. ಬಿ.ಎಲ್.ಗೆ 1891ರಲ್ಲಿ ಶುರುವಾದ ಮದ್ರಾಸು ಲಾ ಕಾಲೇಜು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ, ಅದೂ ಕೇರಳದ ಕರಾವಳಿ ಹಿಡಿದು ಪಾಲಕ್ಕಾಡಿನ ಮೇಲೆ ಸುತ್ತಿಕೊಂಡು ಹೋಗುವ ದಾರಿ. ಬಂಟ್ವಾಳದವರು ಮಂಗಳೂರಿಗೇ ನೇತ್ರಾವತಿಯಲ್ಲಿ ದೋಣಿ ಹಿಡಿದು ಹೋಗುತ್ತಿದ್ದ ಕಾಲ ಅದು. ಮದ್ರಾಸಿನಲ್ಲಿ ಎರಡು ವರ್ಷದ ಊಟ, ವಸತಿ, ಮೇಲೆ ಸೀನಿಯರ್ ಹತ್ತಿರ ಅಪ್ರೆಂಟಿಸ್‌ಶಿಪ್ಪು. ಇಷ್ಟನ್ನು ತಡೆದುಕೊಳ್ಳುವ ಮನೆಗಳು ಯಾವುವು ಅಂತ ಹೇಳಬೇಕಾಗಿಲ್ಲ. ಗೇಣಿ ಕೊಡುವವರ ಮನೆಯಲ್ಲ, ಗೇಣಿ ತೆಗೆದುಕೊಳ್ಳುವವರ ಮನೆ. ಮೂಡುಬಿದಿರೆಯಿಂದ ದೂರವೇನೂ ಇಲ್ಲದ ಕೌಡೂರಿನ ಸದಾನಂದ ಹೆಗ್ಡೆಯವರು ಮದ್ರಾಸಿನಲ್ಲೇ ಕಾನೂನು ಓದಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು, 1973ರಲ್ಲಿ ಅವರನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಹೊರಬಂದರು. ದೊಡ್ಡ ಕಥೆ, ಇಲ್ಲಿ ಬೇಡ.

ಇನ್ನೊಂದು ದಾರಿ ಬೊಂಬಾಯಿ. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ಕನ್ನಡ ನೈಟ್ ಸ್ಕೂಲಿನಲ್ಲಿ ಓದಿ, ಮುಂದೆ ಕರಿಕೋಟು ಹಾಕಿದ ತುಳುವರ ಕಥೆಗಳನ್ನು ನಮ್ಮ ಕಡೆ ಯಾವ ಮದುವೆ ಮನೆಯಲ್ಲಾದರೂ ಕೇಳಬಹುದು. ಅಲ್ಲಿ ಫೀಸು ಕಡಿಮೆ ಇತ್ತು ಅಂತ ಅಲ್ಲ, ಓದುವಾಗ ಸಂಬಳ ನಿಲ್ಲುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1956ರಲ್ಲಿ ರಾಜ್ಯ ಮರುವಿಂಗಡಣೆಯಾಗಿ ಜಿಲ್ಲೆ ಮೈಸೂರಿಗೆ ಸೇರಿತು. ಮರುವರ್ಷವೇ, 1957ರಲ್ಲಿ, ಉಡುಪಿಯಲ್ಲಿ ಕಾನೂನು ಕಾಲೇಜು ಶುರುವಾಯಿತು. ಮಣಿಪಾಲದ ಡಾ. ಟಿ.ಎಂ.ಎ. ಪೈಯವರ ಕೆಲಸ. ಆ ಕಾಲೇಜಿಗೆ ಇವತ್ತು ವೈಕುಂಠ ಬಾಳಿಗರ ಹೆಸರಿದೆ. 1962ರಿಂದ 68ರವರೆಗೆ ಮೈಸೂರು ವಿಧಾನಸಭೆಯ ಸ್ಪೀಕರ್ ಆಗಿದ್ದವರು, ವಕೀಲರು. ಇನಿಶಿಯಲ್ಲಿನ 'ಬಿ' ಅಂದ್ರೆ ಬಂಟ್ವಾಳ. ಮದ್ರಾಸಿನ ಎರಡು ದಿನದ ಪ್ರಯಾಣ ಒಂದೇ ಏಟಿಗೆ ಅರ್ಧ ದಿನಕ್ಕೆ ಇಳಿಯಿತು. ಆದರೂ ಬೆಳ್ತಂಗಡಿಯ ಒಳಗಿನ ಹಳ್ಳಿಯವನಿಗೆ ಉಡುಪಿಯಲ್ಲಿ ರೂಮು ಬೇಕೇ ಬೇಕು.

ನಿಜವಾದ ತಿರುವು 1974. ಆ ವರ್ಷ ಎರಡು ಸಂಗತಿ ನಡೆದವು, ಎರಡಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೊದಲನೆಯದು ದೇವರಾಜ ಅರಸರ ಭೂಸುಧಾರಣೆ. ತಿದ್ದುಪಡಿಯಾದ ಕಾಯ್ದೆಯ ಪ್ರಕಾರ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕಾಯಿತು. ನಮ್ಮ ಕಡೆ ಇದಕ್ಕೆ ಈಗಲೂ 'ಡಿಕ್ಲರೇಶನ್' ಅನ್ನುತ್ತಾರೆ. ರಾಜ್ಯದಲ್ಲೇ ಅತಿ ಹೆಚ್ಚು ಅರ್ಜಿ ಬಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಸ್ವಾರಸ್ಯ ಏನಂದ್ರೆ, ಅರ್ಜಿ ವಿಚಾರಿಸುವ ಭೂನ್ಯಾಯ ಮಂಡಳಿಯ ಎದುರು ವಕೀಲರು ಬರುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆದಿತ್ತು. ಧಣಿಗೆ ಮಾತ್ರ ಒಳ್ಳೆ ವಕೀಲನನ್ನು ಇಡುವ ತಾಕತ್ತು ಇದೆ, ಒಕ್ಕಲಿಗೆ ಇಲ್ಲ ಎಂಬ ಲೆಕ್ಕಾಚಾರ. ವಕೀಲರ ಕಾಯ್ದೆ ಕೇಂದ್ರದ್ದು, ವಕೀಲರಿಗೆ ಅದು ಕೊಟ್ಟ ಹಕ್ಕನ್ನು ರಾಜ್ಯ ಕಿತ್ತುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟು ಆ ನಿಷೇಧವನ್ನು ತೆಗೆದುಹಾಕಿದ್ದು 1987ರಲ್ಲಿ. ಅಷ್ಟರಲ್ಲಿ ಬಹಳಷ್ಟು ಮನೆಗಳ ಅಂಗಳದ ಅಡಿಕೆ ಅವರದ್ದೇ ಆಗಿತ್ತು.

ಎರಡನೆಯದು, ಅದೇ ವರ್ಷ ಮಂಗಳೂರಿನಲ್ಲಿ ಎಸ್‌ಡಿಎಂ ಕಾನೂನು ಕಾಲೇಜು ಶುರುವಾದದ್ದು. ನಡೆಸುವ ಶಿಕ್ಷಣ ಸಂಸ್ಥೆ ಬೆಳ್ತಂಗಡಿ ತಾಲೂಕಿನ ಉಜಿರೆಯದು. ಈಗ ಬಂಟ್ವಾಳದಿಂದ, ಮೂಡುಬಿದಿರೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರಬಹುದು. ರೂಮು ಬೇಡ, ಮೆಸ್ಸು ಬೇಡ. ಬೆಳಿಗ್ಗೆ ಹಾಲು ಕರೆದು ಸೊಸೈಟಿಗೆ ಹಾಕಿ ಹೋಗಬಹುದು, ಸಂಜೆ ತೋಟಕ್ಕೆ ನೀರು ಬಿಡಬಹುದು. ಜಮೀನು ಕೈಗೆ ಬಂದದ್ದು ಒಂದು ಕಡೆ, ಕಾಲೇಜು ಬಸ್ಸಿನಳತೆಗೆ ಬಂದದ್ದು ಇನ್ನೊಂದು ಕಡೆ. ಒಕ್ಕಲು ಮನೆಯ ಮಕ್ಕಳು ವಕೀಲರಾಗತೊಡಗಿದ್ದು ಈ ಎರಡರ ನಡುವಿನ ಸಂದಿಯಲ್ಲಿ. ಜಮೀನಿಲ್ಲದ ಮನೆಗಳಲ್ಲಿ ಬೀಡಿ ಇತ್ತು. ನಮ್ಮ ಮೂರೂ ಊರಿನ ಸುತ್ತ ಅಮ್ಮಂದಿರು, ಚಿಕ್ಕಮ್ಮಂದಿರು ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕಟ್ಟಿದ ಬೀಡಿ ಎಷ್ಟು ಡಿಗ್ರಿಗಳ ಫೀಸು ಕಟ್ಟಿದೆ ಅನ್ನುವುದನ್ನು ಯಾರಾದರೂ ಕೂತು ಬರೆಯಬೇಕು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಮಕ್ಕಳಿಗೆ ಬರುವ ಸ್ಕಾಲರ್‌ಶಿಪ್ಪಿಗೆ ನಾನೂ ಫಾರಂ ತುಂಬಿದವನೇ.

ಈ ಕಾಲೇಜಿನಿಂದ ಹೋದ ಒಬ್ಬರ ಹೆಸರು ನಿಮಗೆ ಗೊತ್ತಿರುತ್ತದೆ. ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ 1958ರಲ್ಲಿ ಹುಟ್ಟಿದ ಎಸ್. ಅಬ್ದುಲ್ ನಜೀರ್. ಮೂಡುಬಿದಿರೆಯ ಮಹಾವೀರ ಕಾಲೇಜಿನಲ್ಲಿ ಬಿ.ಕಾಂ., ಮಂಗಳೂರಿನ ಎಸ್‌ಡಿಎಂನಲ್ಲಿ ಎಲ್‌ಎಲ್‌ಬಿ, 1983ರಲ್ಲಿ ವಕೀಲಿ. 2017ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಅದೇ ವರ್ಷ ಖಾಸಗಿತನದ ಹಕ್ಕಿನ ತೀರ್ಪು ಕೊಟ್ಟ ಒಂಬತ್ತು ಜನರ ಪೀಠದಲ್ಲಿ ಒಬ್ಬರು. ಓದಿನ ಆ ಎರಡೂ ಮೆಟ್ಟಿಲು ಬೆಳುವಾಯಿಯಿಂದ ಬಸ್ಸಿನ ದೂರದಲ್ಲಿದ್ದವು. ಮುಂದೆ ಪುತ್ತೂರಿನಲ್ಲಿ, ಸುಳ್ಯದಲ್ಲೂ ಕಾನೂನು ಕಾಲೇಜುಗಳಾದವು. ಗಮನಿಸಿ, ಇವನ್ನೆಲ್ಲ ಕಟ್ಟಿದ್ದು ಸರ್ಕಾರವಲ್ಲ, ಖಾಸಗಿ ಸಂಸ್ಥೆಗಳು.

ಹಾಗಾದ್ರೆ ಫೀಸು ಹೇಗೆ ನಿಗದಿಯಾಗುತ್ತದೆ? ನಮ್ಮೂರಲ್ಲಿ 'ಟ್ಯೂಷನ್' ಅಂದ್ರೆ ಸಂಜೆ ಮಾಸ್ಟ್ರ ಮನೆಯಲ್ಲಿ ಹೇಳಿಸಿಕೊಳ್ಳುವ ಲೆಕ್ಕದ ಪಾಠ. ಕಾಲೇಜು ರಶೀದಿಯ 'ಟ್ಯೂಷನ್ ಫೀ' ಅಂದ್ರೆ ಬೋಧನಾ ಶುಲ್ಕ, ಅಂದರೆ ಮೇಷ್ಟ್ರ ಸಂಬಳದ ಬಾಬ್ತು. ಅನುದಾನಿತ ಕಾಲೇಜಿನಲ್ಲಿ ಮಂಜೂರಾದ ಹುದ್ದೆಗಳ ಸಂಬಳ ಸರ್ಕಾರ ಕೊಡುವುದರಿಂದ ಈ ಸಾಲು ಸಣ್ಣದಿರುತ್ತದೆ, ಅನುದಾನ ಇಲ್ಲದ ಕಡೆ ಉದ್ದವಾಗುತ್ತದೆ. ಅದರ ಕೆಳಗೆ ಲೈಬ್ರರಿ, ಕ್ರೀಡೆ, ಮೂಟ್ ಕೋರ್ಟ್. ಮತ್ತೆ ವಿಶ್ವವಿದ್ಯಾಲಯದ ಪಾಲು: ನೋಂದಣಿ, ಬೇರೆ ವಿವಿಯ ಡಿಗ್ರಿ ತಂದವರಿಗೆ ಎಲಿಜಿಬಿಲಿಟಿ, ಪ್ರತಿ ಸೆಮಿಸ್ಟರಿಗೆ ಪರೀಕ್ಷಾ ಶುಲ್ಕ. 2009ರಿಂದ ಈ ಪಾಲು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಆ ವಿವಿಯ ಮೂರು ವರ್ಷದ ಎಲ್‌ಎಲ್‌ಬಿ ಪರೀಕ್ಷೆಯನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು. ಇದಕ್ಕೆ ರಶೀದಿಯಲ್ಲಿ ಸಾಲಿಲ್ಲ, ಆದರೆ ಕನ್ನಡ ಮೀಡಿಯಂನ ಹುಡುಗಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಇಲ್ಲ.

ಖಾಸಗಿ ವೃತ್ತಿ ಕಾಲೇಜು ಎಷ್ಟು ವಸೂಲಿ ಮಾಡಬಹುದು ಅನ್ನುವ ದೇಶದ ಕಾನೂನು ಬಹುಪಾಲು ಕರ್ನಾಟಕದ ಕೇಸುಗಳಿಂದಲೇ ಹುಟ್ಟಿದ್ದು. ನಿಗದಿತ ಫೀಸಿಗಿಂತ ಹೆಚ್ಚು ಯಾವ ಹೆಸರಲ್ಲಿ ಪಡೆದರೂ ಅದು ಕ್ಯಾಪಿಟೇಶನ್ ಅಂತ 1984ರಲ್ಲೇ ಇಲ್ಲಿ ಕಾಯ್ದೆ ಬಂತು. 1989ರಲ್ಲಿ ಸರ್ಕಾರವೇ ಮೆಡಿಕಲ್ ಕಾಲೇಜುಗಳಿಗೆ ಮೂರು ದರ ಕೊಟ್ಟಿತು: ಸರ್ಕಾರಿ ಸೀಟಿಗೆ 2,000, ಉಳಿದ ಕನ್ನಡಿಗರಿಗೆ 25,000, ಹೊರಗಿನವರಿಗೆ 60,000. ತುಮಕೂರಿನ ಕಾಲೇಜು 60,000 ಕೇಳಿದಾಗ ಮೀರತ್ತಿನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು, 1992ರಲ್ಲಿ ಗೆದ್ದರು. ಮರುವರ್ಷ ಉನ್ನಿಕೃಷ್ಣನ್ ತೀರ್ಪು 'ಫ್ರೀ ಸೀಟು, ಪೇಮೆಂಟ್ ಸೀಟು' ತಂದಿತು. ಅದನ್ನು 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಮುರಿಯಿತು. ಆ ಕೇಸಿನ ಹೆಸರು ಟಿ.ಎಂ.ಎ. ಪೈ ಫೌಂಡೇಶನ್. ಹೌದು, ಅದೇ ಪೈಯವರ ಹೆಸರು. ಅನುದಾನ ಪಡೆಯದ ಕಾಲೇಜು ತನ್ನ ಫೀಸು ತಾನೇ ನಿಗದಿ ಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು, ಆದರೆ ಲಾಭಕೋರತನ, ಕ್ಯಾಪಿಟೇಶನ್ ಕೂಡದು. ಮಿಗಿಸುವುದು ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರು ಅನ್ನುವುದಕ್ಕೆ 2003ರಲ್ಲಿ ಒಂದು, 2005ರಲ್ಲಿ ಇನ್ನೊಂದು ಪೀಠ ಕೂತವು. ಜಗಳ ಮುಗಿದಿಲ್ಲ ಬಿಡಿ.

ಇತ್ತ ಬೆಂಗಳೂರಿನಲ್ಲಿ ಬೇರೆಯೇ ಮಾದರಿ ಬೆಳೆಯಿತು. 1986ರ ಕಾಯ್ದೆ, 1988ರಲ್ಲಿ ಮೊದಲ ಬ್ಯಾಚು, ಮಾಧವ ಮೆನನ್ ಅವರ ನೇತೃತ್ವ: ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್. ಪಿಯುಸಿ ಮುಗಿಸಿ ಐದು ವರ್ಷ ಅಲ್ಲೇ ವಾಸ. ಓದಿನ ಗುಣಮಟ್ಟದ ಬಗ್ಗೆ ತಕರಾರೇ ಇಲ್ಲ. ಆದರೆ ಬಸ್ಸು ಪಾಸಿನ ವಿದ್ಯಾರ್ಥಿಗೆ ಅಲ್ಲಿ ಜಾಗವಿಲ್ಲ, ಹಾಲು ಕರೆದು ಕ್ಲಾಸಿಗೆ ಹೋಗುವಂತಿಲ್ಲ. ಪ್ರವೇಶಕ್ಕೆ 2008ರಿಂದ ಕ್ಲ್ಯಾಟ್. ಪರೀಕ್ಷೆ ಇಂಗ್ಲಿಷಿನಲ್ಲಿ, ಅರ್ಜಿಗೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಕೋಚಿಂಗ್ ಬೇರೆ. ಸೀಟು ಸಿಕ್ಕಿದರೆ ಎಲ್ಲ ಸೇರಿ ವರ್ಷಕ್ಕೆ ಮೂರು ಲಕ್ಷಕ್ಕೂ ಮೇಲೆ. ಮದ್ರಾಸು ವಾಪಸ್ ಬಂತು ಅನಿಸುತ್ತದೆ, ಈ ಸಲ ರಾಜ್ಯದ ಒಳಗೇ.

ಈಗ ಲೆಕ್ಕಕ್ಕೆ ಬನ್ನಿ, ಇದು ನಮ್ಮ ಕಸುಬು. ಐದು ವರ್ಷಕ್ಕೆ ಹದಿನೈದು ಲಕ್ಷ ಸಾಲ ಅಂತ ಇಟ್ಟುಕೊಳ್ಳಿ. ಶೇಕಡಾ 10 ಬಡ್ಡಿ, 15 ವರ್ಷ. ಓದುವಾಗಿನ ಬಡ್ಡಿ ಬಿಟ್ಟರೂ ಇಎಂಐ ತಿಂಗಳಿಗೆ ಸುಮಾರು 16,100 ರೂಪಾಯಿ. ಓದು ಮುಗಿದು ಸಾಮಾನ್ಯವಾಗಿ ವರ್ಷದೊಳಗೆ ಶುರು. ಇನ್ನೊಂದು ಅಂಕಿ: 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್ ವಕೀಲರಿಗೆ ಸೀನಿಯರುಗಳು ಕೊಡಬೇಕಾದ ಕನಿಷ್ಠ ಭತ್ಯೆ ಸೂಚಿಸಿತು, ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000. ಅದು ಬರೀ ಶಿಫಾರಸು, ಕೊಡಲೇಬೇಕು ಅಂತ ಇಲ್ಲ. ಕೊಟ್ಟರು ಅಂತಲೇ ಅಂದುಕೊಳ್ಳಿ, ಬಿ.ಸಿ. ರೋಡಿನ ಕೋರ್ಟಿನಲ್ಲಿ ಜೂನಿಯರ್ ಆದ ಹುಡುಗಿ ತಿಂಗಳ ಪೂರ್ತಿ ಭತ್ಯೆಯನ್ನು ಬ್ಯಾಂಕಿಗೆ ಕಟ್ಟಿ, ಮೇಲೆ 1,100 ಮನೆಯಿಂದ ತರಬೇಕು. ಬಸ್ಸು, ಊಟ, ಕರಿಕೋಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆಕೆ ಬೆಂಗಳೂರಿನ ಕಾರ್ಪೊರೇಟ್ ಫರ್ಮಿಗೆ ಹೋದರೆ ಅದು ಆಸೆಬುರುಕತನ ಅಲ್ಲ ಮಾರಾಯ್ರೆ, ಬಡ್ಡಿ. ಬೆಳ್ತಂಗಡಿಯ ಗಡಿ ತಕರಾರು, ಮೂಡುಬಿದಿರೆಯ ಚೆಕ್ ಬೌನ್ಸ್ ಕೇಸು ಹಿಡಿಯಬಲ್ಲವರು ಮಂಗಳೂರಿಗೆ ಬಸ್ಸಿನಲ್ಲಿ ಓಡಾಡಿ ಸಾಲವಿಲ್ಲದೆ ಓದಿದವರು ಮಾತ್ರ. ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆ ಕೊಡುವ ತರಬೇತಿ ಭತ್ಯೆಯ ಬೆಲೆ ಗೊತ್ತಾಗುವುದು ಇಲ್ಲೇ. ಅದು ಕಾಲೇಜು ಫೀಸನ್ನಲ್ಲ, ಫೀಸಿನ ನಂತರದ ಖಾಲಿ ವರ್ಷಗಳನ್ನು ತುಂಬುತ್ತದೆ. ಬೊಂಬಾಯಿಯ ಹೋಟೆಲು ಮಾಡುತ್ತಿದ್ದ ಕೆಲಸ.

ಕೊನೆಗೆ ಒಂದು ಗೇಟು ಉಳಿಯುತ್ತದೆ, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸುವುದು. 1961ರ ಕಾಯ್ದೆಯ ಪ್ರಕಾರ ಇದಕ್ಕೆ ಒಟ್ಟು 750 ರೂಪಾಯಿ, ಪರಿಶಿಷ್ಟರಿಗೆ 125. ಆದರೆ ಬೇರೆ ಬೇರೆ ಹೆಸರಿನ ಶುಲ್ಕ ಸೇರಿಸಿ ಒಡಿಶಾದಲ್ಲಿ ಅದು 42,100ಕ್ಕೆ ಮುಟ್ಟಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಬರೆದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅಂದಿತು. ನಮ್ಮ ಕರ್ನಾಟಕದಲ್ಲಿ 'ಐಚ್ಛಿಕ' ಅಂತ ಇನ್ನೊಂದು ಶುಲ್ಕ ಉಳಿದುಕೊಂಡಿತ್ತು. 2025ರ ಆಗಸ್ಟಿನಲ್ಲಿ ಅದನ್ನೂ ನಿಲ್ಲಿಸಿ ಅಂತ ಹೇಳಬೇಕಾಯಿತು. ಹಿಂದೆ ಕಟ್ಟಿದವರಿಗೆ ದುಡ್ಡು ವಾಪಸ್ ಕೊಡಬೇಕಾಗಿಲ್ಲ ಅಂತಲೂ 2024ರ ಆ ತೀರ್ಪಿನಲ್ಲೇ ಇದೆ.