ಓಡಿದವರೂ ಓಡಿಸಿದವರೂ

ತುಂಗಭದ್ರೆಯ ಈ ದಂಡೆಯ ಆನೆಗೊಂದಿಯವರಾದ ನಮಗೆ ಆಚೆ ದಂಡೆಯ ಕೃಷ್ಣದೇವರಾಯನ ಮುಂಜಾವಿನ ಸಾಧನೆಯ ಕಥೆ ಹೊಸತಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಅದನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಅರಸನು ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ಹಚ್ಚಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ಬೀಸಿ, ಕುಡಿದ ಎಣ್ಣೆ ಬೆವರಾಗಿ ಹೊರಬೀಳುವ ತನಕ ದೇಹವನ್ನು ದಂಡಿಸುತ್ತಿದ್ದನು. ಬಳಿಕ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಆಮೇಲೆ ಕುದುರೆ ಸವಾರಿ. ದಿನ ಬೆಳಗಾದರೆ ಅರಸನ ತೋಳಿಗೆ ತೋಳು ಕೊಟ್ಟ ಆ ಜಟ್ಟಿಯ ಹೆಸರನ್ನು ಮಾತ್ರ ಪೇಸ್ ಹೇಳುವುದಿಲ್ಲ. ಗೆದ್ದವನನ್ನು ಬರೆದು, ಗೆಲ್ಲಲು ಅಣಿಗೊಳಿಸಿದವನನ್ನು ಬಿಟ್ಟುಬಿಡುವುದು ಚರಿತ್ರೆಯ ಹಳೆಯ ಚಾಳಿ.

ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಸಂಗತಿಯನ್ನೇ ನೋಡಿ. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಗರನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಅವರ ನೆರವಿನಿಂದ 1920ರಲ್ಲಿ ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೊರಟರು. ಅಲ್ಲಿನ ಮ್ಯಾರಥಾನಿನ ದಾರಿ 42.75 ಕಿಲೋಮೀಟರು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಹುಟ್ಟುಗುಣದಿಂದ ಬಂದದ್ದು ಇಷ್ಟು. ಹಡಗಿಳಿದ ಮೇಲೆ ಇಂಗ್ಲೆಂಡಿನಲ್ಲಿ ಕೆಲವು ವಾರ ದೊರೆತ ಶಿಕ್ಷಣದ ಬದಲು ಊರಿನಲ್ಲಿಯೇ ಕೆಲವು ವರ್ಷ ತಿದ್ದುವವನೊಬ್ಬನಿದ್ದಿದ್ದರೆ! ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿಲ್ಲ.

ತಿದ್ದುವವನೊಬ್ಬ ನಮ್ಮ ದೇಶಕ್ಕೆ ಬಂದದ್ದು ಬಹಳ ತಡವಾಗಿ, ಅದೂ ತನ್ನ ನಾಡಿಗೆ ಬೇಡವಾಗಿ. ಆತ ಜರ್ಮನಿಯ ಡಾಕ್ಟರ್ ಓಟ್ಟೋ ಪೆಲ್ಟ್ಸರ್. 1900ರಲ್ಲಿ ಹೋಲ್‌ಸ್ಟೈನ್ ಸೀಮೆಯಲ್ಲಿ ಹುಟ್ಟಿದವನು. 1926 ಅವನ ವರ್ಷ. ಜುಲೈಯಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ವಿಜೇತ ಡಗ್ಲಸ್ ಲೋವ್‌ನನ್ನು ಅರ್ಧ ಮೈಲಿಯ ಓಟದಲ್ಲಿ ಹಿಂದಿಕ್ಕಿ 1 ನಿಮಿಷ 51.6 ಸೆಕೆಂಡುಗಳ ವಿಶ್ವದಾಖಲೆ. ಸೆಪ್ಟೆಂಬರಿನಲ್ಲಿ ಬರ್ಲಿನ್ನಿನಲ್ಲಿ ಅಜೇಯನೆನಿಸಿದ್ದ ಫಿನ್ಲೆಂಡಿನ ಪಾವೊ ನುರ್ಮಿಯನ್ನೇ ಸೋಲಿಸಿ 1500 ಮೀಟರುಗಳಲ್ಲಿ 3 ನಿಮಿಷ 51 ಸೆಕೆಂಡುಗಳ ಇನ್ನೊಂದು ದಾಖಲೆ. ಆದರೆ 1928ರಲ್ಲಾಗಲಿ 1932ರಲ್ಲಾಗಲಿ ಒಲಿಂಪಿಕ್ ಪದಕ ಅವನಿಗೆ ದಕ್ಕಲಿಲ್ಲ.

ಅವನನ್ನು ಸಂತನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. 1933ರಲ್ಲಿ ಅವನು ನಾತ್ಸಿ ಪಕ್ಷವನ್ನು ಸೇರಿದವನೇ. ಆ ಪಕ್ಷದ ಆಳ್ವಿಕೆಯೇ ಅವನನ್ನು ನುಂಗಲು ಬಂದಿತು. ಸಲಿಂಗಾಸಕ್ತನೆಂಬ ಕಾರಣಕ್ಕೆ 1935ರಲ್ಲಿ ಸೆರೆ, ಬಿಡುಗಡೆಯಾದ ಮೇಲೂ ಬೆನ್ನಟ್ಟಿದ ಪೊಲೀಸರು, ಸ್ಕಾಂಡಿನೇವಿಯದಲ್ಲಿ ಅಲೆದಾಟ, 1941ರಲ್ಲಿ ಮರಳಿದಾಗ ಮೌತ್‌ಹೌಸೆನ್ ಯಾತನಾಶಿಬಿರ. 1945ರ ಮೇ ತಿಂಗಳಲ್ಲಿ ಅಮೆರಿಕನ್ ಸೇನೆ ಆ ಶಿಬಿರದ ಬಾಗಿಲು ತೆರೆದಾಗ ಅವನು ಇನ್ನೂ ಉಸಿರಾಡುತ್ತಿದ್ದ. ಯುದ್ಧ ಮುಗಿಯಿತು, ಹಿಟ್ಲರ್ ಹೋದ, ಕಾನೂನು ಹೋಗಲಿಲ್ಲ. ಪಶ್ಚಿಮ ಜರ್ಮನಿಯಲ್ಲಿ ಆ 175ನೆಯ ಕಲಮು ಹಾಗೆಯೇ ಉಳಿಯಿತು. ಅದು ಪೂರ್ತಿ ಅಳಿದದ್ದು 1994ರಲ್ಲಿ. ಕ್ರೀಡಾಧಿಕಾರಿಗಳು ಅವನಿಗೆ ತರಬೇತಿಯ ಕೆಲಸ ಕೊಡಲೊಲ್ಲರು. ನುರ್ಮಿಯಿಂದ ಝಾಟೊಪೆಕ್‌ವರೆಗಿನ ಓಟದ ಕಾಲವನ್ನು ಕುರಿತು 1955ರಲ್ಲಿ ಒಂದು ಆತ್ಮಕಥೆ ಬರೆದ. 1956ರ ಮೆಲ್ಬೋರ್ನ್ ಒಲಿಂಪಿಕ್ಸನ್ನು ನೋಡಲು ಹೋದವನು ಕೆಲಸವನ್ನರಸುತ್ತ ಏಷ್ಯದ ದಾರಿ ಹಿಡಿದು ಭಾರತಕ್ಕೆ ಬಂದ.

ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಹುಡುಗರನ್ನು ಕಲೆಹಾಕಿ ಓಡಿಸತೊಡಗಿದ. ‘ಒಲಿಂಪಿಕ್ ಯೂತ್ ಡೆಲ್ಲಿ’ ಎಂಬ ಕೂಟವನ್ನೂ ಕಟ್ಟಿದ. ವಿಚಿತ್ರವೆಂದರೆ, ಅವನ ದೇಶದಲ್ಲಿ ಅವನನ್ನು ಸೆರೆಗೆ ನೂಕಿದಂಥ ಕಾನೂನು ಇಲ್ಲಿಯೂ ಇದ್ದಿತು. ಬ್ರಿಟಿಷರು ಬಿಟ್ಟುಹೋದ 377ನೆಯ ಕಲಮಿನಿಂದ ವಯಸ್ಕರ ಸಮ್ಮತದ ಬದುಕನ್ನು ಸರ್ವೋಚ್ಚ ನ್ಯಾಯಾಲಯ ಬಿಡಿಸಿದ್ದು 2018ರಲ್ಲಿ. ಐವತ್ತರ ಮೇಲೆ ವಯಸ್ಸಾದ, ಶಿಬಿರದಲ್ಲಿ ಆರೋಗ್ಯ ಕಳೆದುಕೊಂಡ ಒಬ್ಬಂಟಿಗ ಈ ಬಿಸಿಲಿನಲ್ಲಿ ಹೊತ್ತು ನೋಡುವ ಗಡಿಯಾರ ಹಿಡಿದು ನಿಂತದ್ದನ್ನು ನಾನು ಸಾಹಸವೆಂದೇ ಕರೆಯುತ್ತೇನೆ. ಅವನ ವಿಶ್ವದಾಖಲೆಗಳಿಗಿಂತ ಇದು ದೊಡ್ಡದೆಂದು ನನ್ನ ಮತ.

1960ರ ದಶಕದ ಕೊನೆಯಲ್ಲಿ ಹೃದಯಾಘಾತವಾಗಿ ಅವನು ಜರ್ಮನಿಗೆ ಮರಳಬೇಕಾಯಿತು. 1970ರ ಆಗಸ್ಟಿನಲ್ಲಿ ಊಟಿನ್ ಪಟ್ಟಣದ ಒಂದು ಕ್ರೀಡಾಕೂಟಕ್ಕೆ ಹೋದಲ್ಲಿಯೇ ತೀರಿಕೊಂಡ. ದೆಹಲಿಯ ಶಿಷ್ಯರು ತಮ್ಮ ಕೂಟದ ಹೆಸರನ್ನು ಬದಲಿಸಿ ‘ಓಟ್ಟೋ ಪೆಲ್ಟ್ಸರ್ ಮೆಮೋರಿಯಲ್ ಅಥ್ಲೆಟಿಕ್ ಕ್ಲಬ್’ ಎಂದಿಟ್ಟರು.