ಎಕ್ಸ್‌ರೇ ನಾರ್ಮಲ್, ಕೈ ಮಾತ್ರ ಜೋಮು

ಕುತ್ತಿಗೆಗೆ ಪೆಟ್ಟು ಬಿದ್ದವರು ಮೊದಲು ಕೇಳೋದು, ‘ಎಕ್ಸ್‌ರೇಲಿ ಏನಾದ್ರೂ ಕಾಣ್ತಾ ಡಾಕ್ಟ್ರೇ?’ ಅಂತ. ಏನೂ ಇಲ್ಲ ಅಂದ್ರೆ ಮನೆಯವರಿಗೆಲ್ಲ ನಿರಾಳ. ಆಮೇಲೂ ಕೈ ಜೋಮು ಹಿಡೀತಾ ಇದ್ರೆ? ‘ಎಲ್ಲಾ ನಿನ್ನ ಟೆನ್ಶನ್ನು’ ಅಂದುಬಿಡೋದು ಸುಲಭ. ಆದರೆ ಎಕ್ಸ್‌ರೇ ನರವನ್ನು ನೋಡಿಯೇ ಇರೋದಿಲ್ಲ.

1895ರಲ್ಲಿ ಜರ್ಮನಿಯ ರಾಂಟ್‌ಜನ್ ಈ ಕಿರಣಗಳನ್ನು ಕಂಡುಹಿಡಿದಾಗ ಮುರಿದ ಮೂಳೆ ಚರ್ಮದ ಹೊರಗಿಂದಲೇ ಕಾಣುವಂತಾಯಿತು. ಆದರೆ ಬೆನ್ನುಹುರಿ, ಅದರಿಂದ ಕವಲೊಡೆದು ಕೈಗಿಳಿಯುವ ನರ, ಡಿಸ್ಕು ಎಲ್ಲವೂ ಮೆತ್ತಗಿನವು. ಕಿರಣ ಇವುಗಳನ್ನೆಲ್ಲ ಹೆಚ್ಚುಕಮ್ಮಿ ಒಂದೇ ಥರ ದಾಟಿಹೋಗುತ್ತೆ. ಫಿಲ್ಮಿನಲ್ಲಿ ಒಂದರಿಂದ ಇನ್ನೊಂದು ಬೇರೆಯಾಗಿ ಕಾಣೋದಿಲ್ಲ.

ಹುರಿ ಕಾಣದಿದ್ದರೆ ಅದರ ಸುತ್ತಲಿನ ಜಾಗವಾದರೂ ಕಾಣಲಿ ಅಂತ ವೈದ್ಯರು ಹೊರಟರು. 1920ರ ದಶಕದ ಶುರುವಿನಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಫಾರೆಸ್ಟಿಯೇ ‘ಲಿಪಿಯೊಡಾಲ್’ ಬಳಸಿದರು. ನಾವು ಪಾಯಸ ಮಾಡ್ತೀವಲ್ಲ, ಅದೇ ಗಸಗಸೆಯ ಎಣ್ಣೆಗೆ ಅಯೋಡಿನ್ ಸೇರಿಸಿದ್ದು! ಅದನ್ನು ಸೂಜಿಯಿಂದ ಹುರಿಯ ಸುತ್ತಲಿನ ದ್ರವಕ್ಕೆ ಬಿಟ್ಟು, ರೋಗಿಯನ್ನು ವಾಲಿಸಿ ಎಕ್ಸ್‌ರೇ ತೆಗೆಯೋದು. ಎಣ್ಣೆ ಎಲ್ಲಿ ತಡೆದು ನಿಲ್ಲುತ್ತೋ ಅಲ್ಲಿ ಒತ್ತಡವಿದೆ ಅಂತ ಅರ್ಥ. ಆದರೆ ಎಣ್ಣೆ ಒಳಗೇ ಉಳಿದು, ಕೆಲವರಲ್ಲಿ ಹುರಿಯ ಪೊರೆಗೆ ಉರಿಯೂತ ತಂದಿತು.

1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್‌ನ ಸಿಟಿ ಯಂತ್ರ ಮೊದಲ ರೋಗಿಯ ತಲೆಯನ್ನು ಚಿತ್ರಿಸಿತು. ಮುಂದೆ ಇದೇ ತಂತ್ರ ಕತ್ತಿನ ಮೂಳೆಯ ಸಣ್ಣ ಬಿರುಕನ್ನೂ ತೋರಿಸಿತು. ಆದರೂ ಹುರಿಯ ಗಾಯ ಮಸುಕಾಗೇ ಉಳೀತು.

1982ರಲ್ಲಿ ಅಮೆರಿಕದ ಪ್ಯಾಂಗ್ ಮತ್ತು ವಿಲ್ಬರ್ಗರ್ ಒಂದು ವಿಚಿತ್ರವನ್ನು ದಾಖಲಿಸಿದರು. ಪೆಟ್ಟಾಗಿ ಬೆನ್ನುಹುರಿ ಕೆಟ್ಟ ಮಕ್ಕಳು, ಆದರೆ ಎಕ್ಸ್‌ರೇಯಲ್ಲಿ ಮುರಿತವೇ ಇಲ್ಲ. ಕೆಲವು ಮಕ್ಕಳಿಗೆ ಮೊದಲು ಬರೀ ಜೋಮು. ಕೈಕಾಲಿನ ಶಕ್ತಿ ಹೋಗಿದ್ದು ಗಂಟೆಗಳೋ ದಿನಗಳೋ ಕಳೆದ ಮೇಲೆ. ಎಳೆಯ ಬೆನ್ನೆಲುಬು ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತೆ, ಹುರಿ ಅಷ್ಟು ಹಿಗ್ಗಲಾರದು. ಅದೇ ದಶಕದಲ್ಲಿ ಆಸ್ಪತ್ರೆಗಳಿಗೆ ಬಂದ ಎಂಆರ್‌ಐ, ದೇಹದ ನೀರಿನಲ್ಲಿರೋ ಹೈಡ್ರೋಜನ್ನಿನ ಸಂಕೇತ ಹಿಡಿದು, ಹುರಿಯ ಊತ, ರಕ್ತಸ್ರಾವಗಳನ್ನು ನೇರವಾಗಿ ತೋರಿಸಿತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ವಾ? ಇಲ್ಲ. 1990ರಲ್ಲಿ ಬೋಡೆನ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ 63 ಜನರ ಕತ್ತಿನ ಎಂಆರ್‌ಐ ತೆಗೆದರು. ಸುಮಾರು ಐವರಲ್ಲಿ ಒಬ್ಬರ ಚಿತ್ರದಲ್ಲಿ ದೋಷವಿತ್ತು! ಮೊದಲು ನೋವಿದ್ದವರಿಗೆ ಚಿತ್ರ ‘ಏನಿಲ್ಲ’ ಅಂತಿತ್ತು. ಈಗ ಆರಾಮಾಗಿರೋರಿಗೂ ‘ಏನೋ ಇದೆ’ ಅನ್ನತೊಡಗಿತು.

ಅದಕ್ಕೇ ಒಳ್ಳೆ ವೈದ್ಯರು ಇವತ್ತಿಗೂ ಮೊದಲು ಕೇಳೋದು, ‘ಯಾವ ಬೆರಳು?’ ಅಂತ. ಸಾಮಾನ್ಯವಾಗಿ ಹೆಬ್ಬೆರಳಾದರೆ ಕತ್ತಿನ ಆರನೇ ನರ, ನಡುಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು. ಚಿತ್ರದಲ್ಲಿ ಕಂಡ ದೋಷ ಇದಕ್ಕೆ ತಾಳೆಯಾದರೇನೇ ಅದಕ್ಕೆ ಬೆಲೆ. ಹಾಗಾಗಿ ಸ್ಕ್ಯಾನ್ ಫೈಲ್ ಜೊತೆಗೆ ನಿಮ್ಮ ಮಾತನ್ನೂ ಪೂರ್ತಿ ಹೇಳಿ. ಪೆಟ್ಟಾದ ಮೇಲೆ ಕೈಕಾಲಿನ ಶಕ್ತಿ ಕುಗ್ಗಿದರೆ, ಮೂತ್ರ ಕಟ್ಟಿದರೆ, ಯಾವ ರಿಪೋರ್ಟ್ ಏನೇ ಹೇಳಲಿ, ತಡಮಾಡಬೇಡಿ.